ಹರಿಗೋಲಿನಲ್ಲಿ ಒಂದು ದಿನದ ಗಾಳ: ಸೂಳೆಕೆರೆ, ಮಾರಿಕಣಿವೆಗೆ ಹೊರಡುವವರಿಗೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ದಡದಲ್ಲಿ ಕುಳಿತು ಗಾಳ ಹಾಕಿ ಅಭ್ಯಾಸವಿದೆ, ಹರಿಗೋಲಿನಲ್ಲಿ ಕೆರೆಯ ಒಳಗೆ ಹೋಗಿ ಒಂದು ದಿನ ಮೀನು ಹಿಡಿಯಬೇಕೆಂಬ ಆಸೆಯಿದೆ, ಅದಕ್ಕೆ ಏನೇನು ಬೇಕು? ಹೀಗೆ ಕೇಳುವವರಲ್ಲಿ ಬಹುತೇಕರ ಗಮನ ಯಾವ ಕೋಲು, ಯಾವ ರೀಲು, ಎಷ್ಟನೇ ನಂಬರಿನ ಗಾಳ ಎಂಬುದರ ಮೇಲಿರುತ್ತದೆ. ಅವುಗಳ ವಿವರ ಮುಂದೆ ಇದೆ. ಆದರೆ ನೀರಿನ ಮೇಲೆ ದಿನ ಕೆಡುವುದು ಸಾಮಾನ್ಯವಾಗಿ ಸಾಮಾನಿನ ಕೊರತೆಯಿಂದಲ್ಲ; ಬೀಸುವ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಡುವುದರಿಂದ ಮತ್ತು ಹರಿಗೋಲನ್ನು ಒಂದು ಕಡೆ ಅಲುಗದಂತೆ ನಿಲ್ಲಿಸಲು ಬಾರದಿರುವುದರಿಂದ. ಆದ್ದರಿಂದ ಈ ಲೇಖನದಲ್ಲಿ ಆ ಎರಡು ವಿಷಯಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈಜು ಬಾರದವರು ಇದನ್ನು ಓದಿ ನೇರವಾಗಿ ನೀರಿಗಿಳಿಯಬಾರದು. ಈಜು ಬರುವವರೂ ಮೊದಲ ಕೆಲವು ಸಲ ಸ್ಥಳೀಯ ಬೆಸ್ತರೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದೇ ಸರಿ.

1. ಮೀನಿನ ಹಕ್ಕು ಯಾರದೆಂದು ವಿಚಾರಿಸಿಕೊಳ್ಳಿ

ಕೆರೆ ಸರ್ಕಾರದ್ದಾದರೂ ಅದರ ಮೀನಿನ ಹಕ್ಕು ಸಾಮಾನ್ಯವಾಗಿ ಬೇರೊಬ್ಬರ ಕೈಯಲ್ಲಿರುತ್ತದೆ. ಮೀನುಗಾರಿಕೆ ಇಲಾಖೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ ಕೆರೆಯ ಮೀನನ್ನು ನಿಗದಿತ ಅವಧಿಗೆ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಗೆದ್ದವರಿಗೋ ಗುತ್ತಿಗೆ ಕೊಡುತ್ತದೆ. ಕಾಗದಪತ್ರಗಳಲ್ಲಿ ಇದನ್ನು ‘ಮೀನು ಪಾಶುವಾರು ಹಕ್ಕು’ ಎನ್ನುತ್ತಾರೆ. ಗುತ್ತಿಗೆದಾರರು ಸ್ವಂತ ಹಣ ಹಾಕಿ ಮೀನುಮರಿ ಬಿಟ್ಟಿರುವುದರಿಂದ ಅವರನ್ನು ಕೇಳದೆ ಗಾಳ ಹಾಕುವುದು ಅವರ ದೃಷ್ಟಿಯಲ್ಲಿ ಕಳ್ಳತನವೇ. ಜಲಾಶಯಗಳಲ್ಲಿ ಇಲಾಖೆಯ ಪರವಾನಗಿ ಪಡೆದ ಬೆಸ್ತರು ಮೀನು ಹಿಡಿಯುತ್ತಾರೆ. ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಹಕ್ಕು ಯಾರದೆಂದು ಕೇಳಿ, ಅವರನ್ನು ಕಂಡು, ಒಂದು ದಿನ ಗಾಳ ಹಾಕಲು ಒಪ್ಪಿಗೆ ಪಡೆಯಿರಿ; ಬರವಣಿಗೆಯಲ್ಲಿ ಪಡೆದರೆ ದಡದಲ್ಲಿ ವಾದಿಸುವ ಪ್ರಮೇಯ ಬರುವುದಿಲ್ಲ. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆಂದೇ 1996ರ ಕಾಯ್ದೆಯಿದೆ. ಸಿಡಿಮದ್ದು ಹಾಗೂ ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ.

ಜಾಗದ ಆಯ್ಕೆಯ ಬಗ್ಗೆ ಎರಡು ಮಾತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಅಗಲವಾದ ನೀರು. ಅಲ್ಲಿ ಗಾಳಿಗೆ ತಡೆ ಕಡಿಮೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ವಾಣಿವಿಲಾಸ ಸಾಗರ ಸುಮಾರು 30 ಟಿಎಂಸಿ ನೀರು ಹಿಡಿಯುವ ಆಳವಾದ ಜಲಾಶಯ. ಅದು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ ದಶಕಗಳಲ್ಲಿ ಹಿನ್ನೀರಿನ ಅಂಚಿನ ನೆಲದಲ್ಲಿ ಗಿಡಮರ, ಬೆಳೆ ಎಲ್ಲ ಬೆಳೆದು, ನೀರು ಏರಿದಾಗ ಅವು ಮುಳುಗಿದವು. ಮುಳುಗಿದ ಜಾಲಿಯ ಕೊಂಬೆಗಳಲ್ಲಿ ಮೀನೂ ಇರುತ್ತದೆ, ಗಾಳವೂ ಸಿಕ್ಕಿಕೊಳ್ಳುತ್ತದೆ, ಹರಿಗೋಲಿನ ತಳವೂ ಹರಿಯುತ್ತದೆ. ಹೊಸಬರು ಅಂಥ ಕಡೆಗೆ ಹೋಗದಿರುವುದು ಲೇಸು. ಹರಿಹರ, ಹೊನ್ನಾಳಿಯ ಕಡೆ ತುಂಗಭದ್ರೆಯಲ್ಲಿ ಸೆಳೆತವೂ ಇದೆ, ಮೊಸಳೆಗಳೂ ಇವೆ. ಅದು ಈ ಲೇಖನದ ವ್ಯಾಪ್ತಿಗೆ ಹೊರತು. ಭದ್ರಾ ನಾಲೆಯಲ್ಲಂತೂ ಯಾವ ಬಗೆಯ ತೆಪ್ಪವನ್ನೂ ಇಳಿಸಬೇಡಿ. ದಾವಣಗೆರೆ ನಗರದ ಕುಂದವಾಡ ಕೆರೆ ಕುಡಿಯುವ ನೀರಿನ ಸಂಗ್ರಹವಾದ್ದರಿಂದ ಅದರ ವಿಚಾರ ಬಿಟ್ಟುಬಿಡಿ.

2. ದಿನವನ್ನು ಗಾಳಿ ನೋಡಿ ಆರಿಸಿ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಯಲಿನ ಮೇಲೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಆ ತಿಂಗಳುಗಳಲ್ಲಿ ಹರಿಗೋಲಿನ ಪ್ರವಾಸವನ್ನೇ ಕೈಬಿಡಿ. ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ ಆಗಿರುವುದರಿಂದ ಬಿಡಲು ಇನ್ನೊಂದು ಕಾರಣವೂ ಸಿಕ್ಕಂತಾಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗ್ಗೆ ನೀರು ಕನ್ನಡಿಯಂತಿದ್ದರೂ ಮಧ್ಯಾಹ್ನದ ನಂತರ ಗುಡುಗು ಮಳೆಯ ಮುಂಚೆ ಬೀಸುವ ಬಿರುಗಾಳಿ ಕೆಲವೇ ನಿಮಿಷಗಳಲ್ಲಿ ಕೆರೆಯ ಸ್ವರೂಪವನ್ನು ಬದಲಿಸುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಹೊಸಬರಿಗೆ ಅತ್ಯಂತ ಅನುಕೂಲಕರ.

ಯಾವ ತಿಂಗಳಾದರೂ ಬೆಳಕು ಹರಿಯುವ ಮೊದಲು ದಡ ಸೇರಿ, ಬೆಳಕು ಮೂಡಿದೊಡನೆ ನೀರಿಗಿಳಿದು, ಹನ್ನೊಂದು ಗಂಟೆಯೊಳಗೆ ದಡಕ್ಕೆ ಮರಳುವಂತೆ ಲೆಕ್ಕ ಹಾಕಿ. ಬಿಸಿಲೇರಿದಂತೆ ಗಾಳಿ ಏಳುವುದು ಇಲ್ಲಿಯ ವಾಡಿಕೆ. ಮಧ್ಯಾಹ್ನವನ್ನು ಮರದ ನೆರಳಿನಲ್ಲಿ ಕಳೆದು, ಗಾಳಿ ತಗ್ಗಿದ್ದರೆ ಮಾತ್ರ ನಾಲ್ಕರ ನಂತರ ಮತ್ತೊಮ್ಮೆ ದಡದ ಸಮೀಪದಲ್ಲೇ ಎರಡು ಗಂಟೆ ಗಾಳ ಹಾಕಬಹುದು. ಒಂದು ದಿನದ ಮೀನುಗಾರಿಕೆ ಎಂದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ನೀರಿನ ಮೇಲಿರುವುದು ಎಂದು ತಿಳಿದವರು ಬಿಸಿಲಿಗೂ ಗಾಳಿಗೂ ಸಿಕ್ಕಿ ಬಳಲುತ್ತಾರೆ.

ದಡದಲ್ಲಿ ನಿಂತು ಪರೀಕ್ಷಿಸುವ ಕ್ರಮ ಸರಳ. ನೀರಿನ ಮೇಲೆ ಸಣ್ಣ ಸುಕ್ಕು ಮಾತ್ರ ಇದ್ದರೆ ಹೊರಡಿ. ಅಲೆಗಳ ನೆತ್ತಿಯ ಮೇಲೆ ಅಲ್ಲಲ್ಲಿ ಬಿಳಿ ನೊರೆ ಒಡೆಯುತ್ತಿದ್ದರೆ, ಬೆಸ್ತರೇ ಹೊರಟಿದ್ದರೂ ನೀವು ಹೊರಡಬೇಡಿ. ಅವರ ಅಭ್ಯಾಸ ಬೇರೆ. ಗುಡುಗಿನ ಸದ್ದು ಎಷ್ಟೇ ದೂರದಿಂದ ಕೇಳಿಸಿದರೂ ಕೂಡಲೇ ದಡಕ್ಕೆ ಬನ್ನಿ. ಬಯಲಾದ ನೀರಿನ ಮೇಲೆ ಎತ್ತರದ ವಸ್ತುವೆಂದರೆ ನೀವು ಮತ್ತು ನಿಮ್ಮ ಗಾಳದ ಕೋಲು ಮಾತ್ರ.

3. ಹರಿಗೋಲನ್ನು ಪರೀಕ್ಷಿಸಿ

ಬಿದಿರಿನ ಹೆಣಿಗೆಗೆ ಟಾರ್ಪಾಲು ಹೊದಿಸಿ ಡಾಂಬರು ಬಳಿದದ್ದಾಗಲಿ, ಫೈಬರಿನದ್ದಾಗಲಿ, ಬಾಡಿಗೆಗೆ ಪಡೆಯುವ ಮುನ್ನ ಅದನ್ನು ದಡದ ಬಳಿ ಮೊಣಕಾಲುದ್ದ ನೀರಿನಲ್ಲಿ ಇಳಿಸಿ, ಒಳಗೆ ಕುಳಿತು ಹತ್ತು ನಿಮಿಷ ಕಾಯಿರಿ. ಒಳಗೆ ನೀರು ಜಿನುಗಿದರೆ ಬೇರೆಯದನ್ನು ಕೇಳಿ. ಅಡ್ಡಳತೆ ಸುಮಾರು ಎರಡು ಮೀಟರ್ ಇರುವ ಹರಿಗೋಲಿಗೆ ಸಾಮಾನಿನ ಜೊತೆಗೆ ಇಬ್ಬರು ಸಾಕು. ಮೂರನೆಯವರನ್ನು ಹತ್ತಿಸಿಕೊಂಡರೆ ಕೋಲು ಬೀಸಲೂ ಜಾಗವಿರುವುದಿಲ್ಲ. ಹುಟ್ಟು ಎರಡಿರಲಿ. ಒಂದೇ ಇದ್ದು ಅದು ಕೈಜಾರಿ ತೇಲಿಹೋದರೆ ಅಂಗೈಯಿಂದ ನೀರು ತಳ್ಳುತ್ತ ದಡ ಸೇರಬೇಕಾಗುತ್ತದೆ.

4. ಸಾಮಾನು

ಮೊದಲು ಜೀವಕ್ಕೆ ಬೇಕಾದದ್ದು. ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಬೇಕು, ಅದನ್ನು ದಡದಲ್ಲೇ ತೊಟ್ಟು ಬಿಗಿದುಕೊಳ್ಳಬೇಕು. ಸೆಕೆಯೆಂದು ಬಿಚ್ಚಿ ಕಾಲ ಬಳಿ ಇಟ್ಟುಕೊಂಡ ಜಾಕೆಟ್ ಇಲ್ಲದಂತೆಯೇ. ನೀರು ಮೊಗೆದು ಚೆಲ್ಲಲು ಒಂದು ಪ್ಲಾಸ್ಟಿಕ್ ಮಗ್, ಸೀಟಿ, ನೀರು ಹೋಗದ ಚೀಲದಲ್ಲಿ ಮೊಬೈಲ್, ಕೈಗೆಟುಕುವಂತೆ ಒಂದು ಚಾಕು, ಟೋಪಿ, ತಲಾ ಎರಡು ಲೀಟರ್ ಕುಡಿಯುವ ನೀರು ಇರಲಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಹೇಳಿ ಹೊರಡಿ. ತುರ್ತು ಸಂದರ್ಭಕ್ಕೆ ಕರೆ ಮಾಡಬೇಕಾದ ಸಂಖ್ಯೆ 112.

ಗಾಳದ ಸಾಮಾನಿನಲ್ಲಿ ಆರು ಅಥವಾ ಏಳು ಅಡಿಯ ಕೋಲು ಹರಿಗೋಲಿಗೆ ಸರಿ. ದಡದಿಂದ ದೂರಕ್ಕೆ ಎಸೆಯಲೆಂದು ಕೊಂಡ ಹತ್ತು ಅಡಿಯ ಕೋಲು ಇಲ್ಲಿ ಅಡ್ಡಿಯೇ. ನೈಲಾನ್ ದಾರ, ಅಂದರೆ ತಂಗೂಸಿ, 0.35 ಮಿಲಿಮೀಟರ್ ದಪ್ಪದ್ದು ಸಾಕು. ಗಾಳದ ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದಾಗುತ್ತದೆ ಎಂಬುದು ಅಂಗಡಿಯಲ್ಲಿ ಹಲವರನ್ನು ಗೊಂದಲಕ್ಕೆ ತಳ್ಳುವ ವಿಷಯ. ರೋಹು, ಮೃಗಾಲಗಳಿಗೆ 6 ಅಥವಾ 8ನೇ ನಂಬರು ಹೊಂದುತ್ತದೆ. ಇವುಗಳ ಜೊತೆಗೆ ಬೆಂಡು (ನೀರಿನ ಮೇಲೆ ತೇಲಿ, ಮೀನು ಎರೆ ಮುಟ್ಟಿದ್ದನ್ನು ತೋರಿಸುವುದು), ಸಣ್ಣ ಸೀಸದ ಗುಂಡುಗಳು, ಇಕ್ಕಳ, ಉದ್ದ ಹಿಡಿಕೆಯ ಕೈಬಲೆ ಬೇಕು. ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ತುದಿಯನ್ನು ದಾರದ ಸುತ್ತಲೇ ಐದಾರು ಸುತ್ತು ತಿರುವಿ, ಗಾಳದ ಬಳಿ ಉಳಿದ ಕುಣಿಕೆಯೊಳಗೆ ತೂರಿಸಿ, ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಹಾಗೆಯೇ ಎಳೆದರೆ ಉಜ್ಜಿ ಕಾದು ಗಂಟಿನ ಬಳಿ ಬಲ ಕಳೆದುಕೊಳ್ಳುತ್ತದೆ. ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಅಲ್ಲಿಯೇ.

5. ಎರೆ

ಶೇಂಗಾ ಹಿಂಡಿಯನ್ನು ಹಿಂದಿನ ರಾತ್ರಿ ನೆನೆಸಿ, ಬೆಳಗ್ಗೆ ನೀರು ಹಿಂಡಿ, ಗೋಧಿ ಹಿಟ್ಟು ಮತ್ತು ಸ್ವಲ್ಪ ತೌಡು ಸೇರಿಸಿ ಗಟ್ಟಿಯಾಗಿ ನಾದಿದರೆ ಗೆಂಡೆ ಮೀನುಗಳಿಗೆ ಅದಕ್ಕಿಂತ ಒಳ್ಳೆಯ ಎರೆ ಬೇಕಿಲ್ಲ. ನೀರಿನಲ್ಲಿ ಹತ್ತು ನಿಮಿಷವಾದರೂ ಕರಗದೆ ನಿಲ್ಲಬೇಕು. ದಡದಲ್ಲೇ ಒಂದು ಉಂಡೆಯನ್ನು ಮಗ್ಗಿನ ನೀರಿಗೆ ಹಾಕಿ ನೋಡಿ, ಬೇಗ ಕರಗಿದರೆ ಹಿಟ್ಟು ಹೆಚ್ಚಿಸಿ. ಅಂಗಡಿಯಲ್ಲಿ ಮಾರುವ ಬಣ್ಣದ, ಸೆಂಟಿನ ಪುಡಿಗಳ ಬಗ್ಗೆ ನನಗೆ ಅಂಥ ಗೌರವವಿಲ್ಲ. ಎರೆಹುಳುವಿಗೆ ಗಿರ್ಲು, ಜಿಲೇಬಿ ಮುಂತಾದ ಎಲ್ಲ ಮೀನುಗಳೂ ಬರುತ್ತವೆ, ಹಾಗಾಗಿ ಇಂಥದ್ದೇ ಮೀನು ಬೇಕೆಂಬ ಹಟ ಇಲ್ಲದವರಿಗೆ ಅದು ಸುಲಭ. ಕೊರವ ಮೀನಿಗೆ ಜೀವಂತ ಕಪ್ಪೆ ಚುಚ್ಚುವ ಹಳೆಯ ರೂಢಿಯನ್ನು ಅನುಸರಿಸಬೇಡಿ.

ಇದಲ್ಲದೆ, ಮೀನನ್ನು ಒಂದೆಡೆ ಸೇರಿಸಲು ತೌಡು ಮತ್ತು ಹಿಂಡಿಯನ್ನು ಕೆರೆಯ ಜೇಡಿಮಣ್ಣಿನೊಂದಿಗೆ ಕಲಸಿ ಮುಷ್ಟಿಗಾತ್ರದ ಉಂಡೆಗಳನ್ನು ಕಟ್ಟಿಕೊಳ್ಳಿ. ನಾಲ್ಕೈದು ಉಂಡೆ ಸಾಕು. ಹೆಚ್ಚು ಹಾಕಿದರೆ ಮೀನು ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

6. ನೀರಿಗಿಳಿಯುವುದು ಮತ್ತು ಹುಟ್ಟು ಹಾಕುವುದು

ಹರಿಗೋಲಿಗೆ ಮುಂದೆ ಹಿಂದೆ ಎಂಬುದಿಲ್ಲ. ದೋಣಿಯಲ್ಲಿ ಮಾಡುವಂತೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಅಂಚಿನ ಬಳಿ ಮಂಡಿಯೂರಿ, ಹುಟ್ಟನ್ನು ನಿಮ್ಮ ಮುಂದಿನ ನೀರಿನಲ್ಲಿ ನೆಟ್ಟಗೆ ಇಳಿಸಿ, ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಒಮ್ಮೆ ತುಸು ಎಡದಿಂದ, ಒಮ್ಮೆ ತುಸು ಬಲದಿಂದ. ಕೆಲಸ ಹೆಚ್ಚು, ವೇಗ ಕಡಿಮೆ. ಆದ್ದರಿಂದ ದೂರ ಹೋಗುವ ಯೋಜನೆ ಬೇಡ.

ಇನ್ನೊಬ್ಬರು ಎದುರು ಬದಿಯಲ್ಲಿ ತಳಕ್ಕೆ ಕುಳಿತು ತೂಕ ಸರಿದೂಗಿಸಬೇಕು. ನೀರಿನ ಮೇಲಿರುವಷ್ಟು ಹೊತ್ತೂ ಇಬ್ಬರಲ್ಲಿ ಯಾರೂ ಎದ್ದು ನಿಲ್ಲಬಾರದು.

ಈಗ ಈ ಲೇಖನದ ಅತ್ಯಂತ ಮುಖ್ಯವಾದ ಸೂಚನೆ: ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ಬೆಳಗ್ಗೆ ಗಾಳಿ ಸಣ್ಣದಿರುವಾಗ, ತೋಳಿನಲ್ಲಿ ಕಸುವಿರುವಾಗ ಎದುರು ಸಾಗಿದರೆ, ಗಾಳಿ ಬಲಿತು ನೀವು ದಣಿದಿರುವ ಹೊತ್ತಿನಲ್ಲಿ ಅದೇ ನಿಮ್ಮನ್ನು ಹೊರಟ ದಡಕ್ಕೆ ತಂದು ಬಿಡುತ್ತದೆ. ಗಾಳಿಯ ಬೆನ್ನಿಗೆ ಹಾಯಾಗಿ ತೇಲುತ್ತ ಹೋದವರು ಮರಳುವಾಗ ಅದೇ ದೂರಕ್ಕೆ ಮೂರು ಪಟ್ಟು ಶ್ರಮಪಟ್ಟು, ಕೊನೆಗೆ ಎದುರು ದಡದಲ್ಲಿ ಇಳಿದು, ಊರು ಸುತ್ತಿ ನಡೆದು ಬರಬೇಕಾಗುತ್ತದೆ. ಕೋಡಿ, ತೂಬು ಮತ್ತು ಅಣೆಕಟ್ಟೆಯ ಗೋಡೆಯ ಹತ್ತಿರಕ್ಕೆ ಯಾವ ಕಾರಣಕ್ಕೂ ಸುಳಿಯಬೇಡಿ. ನೀರು ಒಳಗೆ ಎಳೆಯುತ್ತಿರುವುದು ಮೇಲಿನಿಂದ ಕಾಣುವುದಿಲ್ಲ. ಸಾಲಾಗಿ ತೇಲುವ ಖಾಲಿ ಬಾಟಲಿಗಳು ಕಂಡರೆ ಅದರ ಕೆಳಗೆ ಬೆಸ್ತರ ಬಲೆಯಿದೆ ಎಂದರ್ಥ. ದೂರದಿಂದ ಸುತ್ತಿ ಹೋಗಿ, ಎತ್ತಿ ನೋಡುವ ಕುತೂಹಲ ಬೇಡ.

7. ಜಾಗ ಹಿಡಿದು ಲಂಗರು ಇಳಿಸುವುದು

ಒಂದು ಹುರಿಗೆ ಮಾರಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿಕೊಂಡರೆ ಆಳ ಅಳೆಯಲು ಬೇರೆ ಸಾಧನ ಬೇಡ. ಮಾರು ಎಂದರೆ ಎರಡೂ ತೋಳು ಚಾಚಿದಷ್ಟು ಉದ್ದ, ಸುಮಾರು ಆರು ಅಡಿ. ಎರಡು ಆಳು ನೀರಿನ ಸುತ್ತಮುತ್ತ, ತಳ ಇದ್ದಕ್ಕಿದ್ದಂತೆ ಇಳಿಯುವ ಕಡೆ, ಅಂದರೆ ಮುಳುಗಿದ ಹಳ್ಳದ ಅಂಚಿನಲ್ಲಿ, ಮೀನು ಓಡಾಡುತ್ತದೆ. ತಳದಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದು, ನೀರು ತುಸು ರಾಡಿಯಾಗಿದ್ದರೆ ಕೆಳಗೆ ಗೆಂಡೆ ಮೇಯುತ್ತಿರುವ ಸಾಧ್ಯತೆಯಿದೆ. ಮೋಡ ಕವಿದ ದಿನಗಳ ಬೆಳಗಿನಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ತೇಲುತ್ತಿರುವುದು ಕಂಡರೆ ಸಂತೋಷಪಡಬೇಡಿ. ಅದು ನೀರಿನಲ್ಲಿ ಆಮ್ಲಜನಕ ಕುಗ್ಗಿರುವುದರ ಲಕ್ಷಣ. ಉಸಿರಿಗೆ ಪರದಾಡುವ ಮೀನು ಎರೆ ಮುಟ್ಟುವುದಿಲ್ಲ.

ಒಂದೇ ಕಲ್ಲಿನಿಂದ ಲಂಗರು ಹಾಕಿದ ಹರಿಗೋಲು ಹಗ್ಗದ ಸುತ್ತ ಓಲಾಡುತ್ತಲೇ ಇರುತ್ತದೆ, ಬೆಂಡು ಅತ್ತಿತ್ತ ಎಳೆದಾಡುತ್ತದೆ, ಮೀನು ಕಚ್ಚಿತೋ ಗಾಳಿ ಎಳೆಯಿತೋ ತಿಳಿಯುವುದೇ ಇಲ್ಲ. ಮೀನು ಸಿಗಲಿಲ್ಲವೆಂದು ದೂರುವವರ ಹರಿಗೋಲನ್ನು ಗಮನಿಸಿದರೆ ಹೆಚ್ಚಾಗಿ ಕಾಣುವುದು ಇದೇ. ಆದ್ದರಿಂದ ಎರಡು ಕಲ್ಲು ಬೇಕು, ಎರಡು ಹಗ್ಗ ಬೇಕು, ಒಂದೊಂದು ಹಗ್ಗವೂ ನೀರಿನ ಆಳದ ಮೂರರಷ್ಟು ಉದ್ದವಿರಬೇಕು. ಗಾಳ ಹಾಕಬೇಕೆಂದಿರುವ ಜಾಗವನ್ನು ದಾಟಿ ಗಾಳಿ ಬರುವ ಕಡೆಗೆ ಸ್ವಲ್ಪ ಮುಂದೆ ಹೋಗಿ ಮೊದಲ ಕಲ್ಲನ್ನು ಸದ್ದಾಗದಂತೆ ಇಳಿಸಿ. ಹಗ್ಗ ಸಡಿಲಿಸುತ್ತ ಗಾಳಿ ತಳ್ಳಿದಷ್ಟು ಹಿಂದಕ್ಕೆ ಬನ್ನಿ. ಅಲ್ಲಿ ಎದುರು ಬದಿಯಿಂದ ಎರಡನೆಯ ಕಲ್ಲನ್ನು ಇಳಿಸಿ, ಮೊದಲ ಹಗ್ಗವನ್ನು ಎಳೆದುಕೊಳ್ಳುತ್ತ ಎರಡರ ನಡುವೆ ಬಂದು, ಎರಡೂ ಹಗ್ಗಗಳನ್ನು ಎಳೆದೊಡನೆ ಬಿಚ್ಚಿಕೊಳ್ಳುವಂಥ ಜಾರುಗಂಟಿನಿಂದ ಕಟ್ಟಿ. ಕಲ್ಲನ್ನು ಎಸೆಯಬೇಡಿ, ಸದ್ದಿಗೆ ಮೀನು ಚದುರುವುದಲ್ಲದೆ, ಎಸೆಯುವ ರಭಸಕ್ಕೆ ಹರಿಗೋಲು ವಾಲುತ್ತದೆ. ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬೇಡಿ. ಗಾಳಿ ಏಕಾಏಕಿ ಎದ್ದು ಕಲ್ಲು ಮೇಲೆ ಬಾರದಿದ್ದರೆ ಚಾಕುವಿನಿಂದ ಹಗ್ಗ ಕತ್ತರಿಸಿ ಹೊರಡಿ. ಕಲ್ಲಿನ ಬೆಲೆ ಎಷ್ಟು?

ಹಿಂಡಿಯ ಉಂಡೆಗಳನ್ನು ಈಗ ಹರಿಗೋಲಿನಿಂದ ಹದಿನೈದು ಅಡಿ ದೂರದಲ್ಲಿ ಒಂದೇ ಕಡೆ ಬೀಳುವಂತೆ ಹಾಕಿ, ಅರ್ಧ ಗಂಟೆ ಮಾತಿಲ್ಲದೆ ಕುಳಿತಿರಿ.

8. ಗಾಳ ಹಾಕುವುದು

ಯಾವ ಮೀನು ಯಾವ ಮಟ್ಟದಲ್ಲಿ ಮೇಯುತ್ತದೆ ಎಂಬುದನ್ನು ಅದರ ಬಾಯಿಯೇ ಹೇಳುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ, ಅದು ಮೇಲ್ಪದರದ ಮೀನು. ರೋಹು ನಡುನೀರಿನದು. ಮೃಗಾಲ ಮತ್ತು ಸಾಮಾನ್ಯ ಗೆಂಡೆ ತಳವನ್ನು ಕೆದಕುತ್ತವೆ. ಬೆಂಡಿನಿಂದ ಗಾಳದವರೆಗಿನ ದಾರದ ಉದ್ದವನ್ನು ಇದಕ್ಕೆ ತಕ್ಕಂತೆ ಬದಲಿಸಿ; ಹಿಂಡಿಯ ಉಂಡೆ ತಳಕ್ಕೆ ಹೋಗಿರುವುದರಿಂದ ಮೊದಲು ತಳದಲ್ಲೇ ಆರಂಭಿಸುವುದು ಒಳ್ಳೆಯದು. ಅರ್ಧ ಗಂಟೆಯಾದರೂ ಬೆಂಡು ಅಲುಗದಿದ್ದರೆ ಎರೆಯನ್ನು ಒಂದೊಂದು ಅಡಿಯಂತೆ ಮೇಲಕ್ಕೆ ತನ್ನಿ. ಹೊಸಬರು ಜಾಗವನ್ನು ಮತ್ತೆ ಮತ್ತೆ ಬದಲಿಸುತ್ತಾರೆ, ಆಳವನ್ನು ಬದಲಿಸುವುದಿಲ್ಲ.

ಬೆಂಡು ಚಟಪಟನೆ ಕುಣಿದರೆ ಅದು ಜಿಲೇಬಿಯದ್ದೋ ಸಣ್ಣ ಪಕ್ಕೆಯದ್ದೋ ಕೆಲಸ. ನೆಟ್ಟಗಿದ್ದ ಬೆಂಡು ಮೇಲಕ್ಕೆದ್ದು ನೀರಿನ ಮೇಲೆ ಅಡ್ಡ ಮಲಗಿದರೆ, ತಳದ ಮೀನು ಎರೆಯನ್ನು ಸೀಸದ ಸಮೇತ ಎತ್ತಿದೆ ಎಂದರ್ಥ. ಆಗಲೂ, ಬೆಂಡು ಓರೆಯಾಗಿ ನಿಧಾನವಾಗಿ ಮುಳುಗುತ್ತ ಸಾಗಿದಾಗಲೂ, ಕೋಲನ್ನು ಮೊಣಕೈಯಿಂದ ಚಿಕ್ಕದಾಗಿ ಎಳೆಯಿರಿ. ಮೈಯೆಲ್ಲ ಹಿಂದಕ್ಕೆ ಬಾಗಿಸಿ ಎಳೆಯುವ ಅಭ್ಯಾಸ ದಡದಲ್ಲಿ ನಡೆದೀತು, ಹರಿಗೋಲಿನಲ್ಲಿ ನಡೆಯದು. ಹಿನ್ನೀರಿನಲ್ಲಿ ಪಂಪ್‌ಸೆಟ್ಟುಗಳ ವಿದ್ಯುತ್ ತಂತಿ ಹಾದುಹೋಗುವ ಕಡೆ ಕೋಲು ಎತ್ತಲೇಬೇಡಿ. ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ.

9. ಮೀನನ್ನು ಒಳಗೆ ತೆಗೆದುಕೊಳ್ಳುವುದು

ಎರಡು ಮೂರು ಕೆ.ಜಿ.ಯ ಕಾಟ್ಲಾ ಹರಿಗೋಲನ್ನೇ ತಿರುಗಿಸಬಲ್ಲದು. ಕೋಲನ್ನು ತಗ್ಗಿಸಿ ಹಿಡಿದು, ಎಳೆದಾಗ ದಾರ ಬಿಡುತ್ತ, ನಿಂತಾಗ ಸುತ್ತುತ್ತ, ಅದು ಸೋತು ಪಕ್ಕಕ್ಕೆ ಮಲಗುವವರೆಗೆ ಕಾಯಿರಿ. ದಾರ ಲಂಗರಿನ ಹಗ್ಗಕ್ಕೆ ಸುತ್ತಿಕೊಳ್ಳದಂತೆ ಜೊತೆಯವರು ನೋಡಿಕೊಳ್ಳಲಿ. ಕೈಬಲೆಯನ್ನು ಮೊದಲೇ ನೀರಿನೊಳಗೆ ಇಳಿಸಿಟ್ಟು ಮೀನನ್ನು ತಲೆಯ ಕಡೆಯಿಂದ ಅದರೊಳಗೆ ನಡೆಸಿ. ಮೀನಿನ ಹಿಂದೆ ಬಲೆ ಬೀಸಿದರೆ ಬಾಲಕ್ಕೆ ತಾಗಿ, ಕೊನೆಯ ಜಿಗಿತದಲ್ಲಿ ದಾರ ಹರಿಯುತ್ತದೆ. ಒಬ್ಬರು ಬಲೆ ಎತ್ತುವಾಗ ಇನ್ನೊಬ್ಬರು ಎದುರು ಅಂಚಿಗೆ ಸರಿಯಬೇಕು. ಮೀನು ನೋಡಲು ಇಬ್ಬರೂ ಒಂದೇ ಬದಿಗೆ ಬಾಗುವುದರಿಂದಲೇ ಹರಿಗೋಲು ಮಗುಚುತ್ತದೆ. ಹಾಗೇನಾದರೂ ಮಗುಚಿದರೆ ದಡದ ಕಡೆ ಈಜಲು ಹೋಗದೆ ಹರಿಗೋಲನ್ನೇ ಹಿಡಿದುಕೊಂಡು ಸೀಟಿ ಊದಿ.

ಗಿರ್ಲು ಮತ್ತು ಚೇಳು ಮೀನುಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅವುಗಳ ಪಕ್ಕದ ಈಜುರೆಕ್ಕೆಗಳಲ್ಲಿ ಮುಳ್ಳಿದೆ, ಚೇಳು ಮೀನಿನ ಮುಳ್ಳಿಗೆ ವಿಷವೂ ಇದೆ. ಚುಚ್ಚಿದರೆ ದಡಕ್ಕೆ ಬಂದು, ಚರ್ಮ ಸುಡದಷ್ಟು ಬಿಸಿಯಿರುವ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಅದ್ದಿಟ್ಟುಕೊಂಡರೆ ನೋವು ತಗ್ಗುತ್ತದೆ. ನಂತರ ವೈದ್ಯರನ್ನು ಕಾಣಿ. ಗಾಳದ ತುದಿಯ ಹಿಂದಿರುವ ಹಿಮ್ಮುಳ್ಳು ದಾಟುವಷ್ಟು ಆಳಕ್ಕೆ ಬೆರಳಿಗೆ ಚುಚ್ಚಿದ್ದರೆ ಎಳೆದು ಕೀಳದೆ, ದಾರ ಕತ್ತರಿಸಿ, ಹಾಗೆಯೇ ಆಸ್ಪತ್ರೆಗೆ ಹೋಗಿ.

ಆಮೆ ಸಿಕ್ಕರೆ ಗಾಳ ಬಿಡಿಸಿ ನೀರಿಗೆ ಬಿಡಿ. ಕೆರೆಗಳಲ್ಲಿ ಸಿಗುವ ಮೃದುಚಿಪ್ಪಿನ ಆಮೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಕೆಂಪಗಿನ ಮರಿಗಳ ಗುಂಪು ನೀರಿನ ಮೇಲ್ಭಾಗದಲ್ಲಿ ಮಿಡುಕುತ್ತಿದ್ದರೆ ಅದರ ಕೆಳಗೆ ಕಾವಲಿರುವುದು ಕೊರವ. ಆ ಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲಾಗುತ್ತವೆ. ಅರ್ಧ ಕೆ.ಜಿ.ಗಿಂತ ಚಿಕ್ಕದಾದ ಕಾಟ್ಲಾ, ರೋಹು, ಮೃಗಾಲಗಳನ್ನು ಒದ್ದೆ ಕೈಯಲ್ಲಿ ಹಿಡಿದು ವಾಪಸು ಬಿಡುವುದು ಗುತ್ತಿಗೆದಾರರಿಗೆ ನೀವು ತೋರಿಸಬಹುದಾದ ಮರ್ಯಾದೆ. ಜಿಲೇಬಿಗೆ ಈ ದಾಕ್ಷಿಣ್ಯ ಬೇಕಿಲ್ಲ, ಅದು ತಾನಾಗಿ ಹೆಚ್ಚುವ ಮೀನು. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮರಳಿ ನೀರಿಗೆ ಬಿಡಬೇಡಿ, ಜೀವಂತವಾಗಿ ಇನ್ನೊಂದು ಕೆರೆಗೂ ಒಯ್ಯಬೇಡಿ.

10. ದಡಕ್ಕೆ ಮರಳಿದ ಮೇಲೆ

ಸೂಳೆಕೆರೆಯ ನೀರನ್ನೂ ಮಾರಿಕಣಿವೆಯ ನೀರನ್ನೂ ಚಿತ್ರದುರ್ಗದವರೆಗೆ ಜನ ಕುಡಿಯುತ್ತಾರೆ. ಮೀನು ಹಸನು ಮಾಡಿದ ಕರುಳು, ಕಿವಿರುಗಳನ್ನು ನೀರಿಗೆ ಎಸೆಯದೆ ದಡದಿಂದ ದೂರದಲ್ಲಿ ಗುಂಡಿ ತೋಡಿ ಮುಚ್ಚಿ. ಕತ್ತರಿಸಿದ ತಂಗೂಸಿಯ ತುಂಡುಗಳನ್ನು ಒಂದೂ ಬಿಡದಂತೆ ಆರಿಸಿಕೊಳ್ಳಿ. ಮೇಯಲು ಬರುವ ದನಗಳ ಹೊಟ್ಟೆಗೂ ಹಕ್ಕಿಗಳ ಕಾಲಿಗೂ ಅದು ಸೇರುತ್ತದೆ. ಹರಿಗೋಲನ್ನು ಎಳೆದು ತಂದು ನೆರಳಿನಲ್ಲಿ ಬೋರಲು ಹಾಕಿ ಒಪ್ಪಿಸಿ.

ಮೀನು ಕೆಡುವುದು ಕರುಳಿನಿಂದ ಮತ್ತು ಕಿವಿರಿನಿಂದ. ಇಲ್ಲಿಯ ಬಿಸಿಲಿನಲ್ಲಿ ಅವೆರಡನ್ನೂ ಸತ್ತೊಡನೆ ತೆಗೆಯಬೇಕು, ಮನೆಗೆ ಒಯ್ದು ತೆಗೆಯುತ್ತೇನೆ ಎನ್ನಬಾರದು. ತೊಳೆಯಲು ಮನೆಯಿಂದ ತಂದ ನೀರನ್ನು ಬಳಸಿ. ಹೊಟ್ಟೆಯೊಳಕ್ಕೂ ಐಸ್ ತುಂಬಿ, ಮೀನಿನಷ್ಟೇ ತೂಕದ ಐಸ್ ಪುಡಿಯ ನಡುವೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. ಐಸನ್ನು ಹಿಂದಿನ ದಿನವೇ ಪೇಟೆಯಲ್ಲಿ ಕೊಂಡಿಟ್ಟುಕೊಳ್ಳಿ, ಕೆರೆಯ ಪಕ್ಕದ ಹಳ್ಳಿಯಲ್ಲಿ ಬೆಳಗಿನ ಹೊತ್ತು ಅದು ಸಿಗುತ್ತದೆಂಬ ಭರವಸೆಯಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ತೂತಿರಲಿ, ಕರಗಿದ ನೀರಿನಲ್ಲಿ ಮೀನು ನೆನೆದರೆ ಮಾಂಸ ಸಡಿಲವಾಗಿ ಸಾರಿಗೆ ಹಾಕಿದಾಗ ಒಡೆದುಹೋಗುತ್ತದೆ.